ಪುಸ್ತಕದಲ್ಲಿಲ್ಲದ ನಲವತ್ತು ಮೂಟೆ

ಬೌರೊ ಜಿಪುಣ, ಅದಕ್ಕಿಂತ ಹೆಚ್ಚಾಗಿ ಸುಳ್ಳುಗಾರ. ದ್ವೀಪದ ಸಹಕಾರಿ ಅಂಗಡಿಯನ್ನು ಹನ್ನೊಂದು ವರ್ಷದಿಂದ ನಡೆಸುತ್ತಿದ್ದವನ ಬಗ್ಗೆ ಅದರ ಅಧ್ಯಕ್ಷೆ ಅಕೊಯಾಳ ತೀರ್ಮಾನ ಅದು. ಮೊದಲು ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಆಕೆ ತೀರ್ಮಾನಗಳನ್ನು ಸುಲಭವಾಗಿ ಬದಲಿಸುವವಳಲ್ಲ.

ಕಳೆದೊಂದು ವರ್ಷದಿಂದ, ರಾಜಧಾನಿ ತರಾವಾದಿಂದ ಬರುವ ಪ್ರತಿ ಹಡಗಿನ ನೂರು ಮೂಟೆ ಅಕ್ಕಿಯಲ್ಲಿ ಹತ್ತನ್ನು ಬೌರೊ 'ಸಮುದ್ರದ ನೀರಿಗೆ ನೆನೆದದ್ದು, ಹಂದಿಗಳಿಗೆ ಹಾಕಿದೆ' ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದ. ಅಷ್ಟು ಅಕ್ಕಿ ತಿಂದು ಕೊಬ್ಬಿದ ಹಂದಿ ಅಕೊಯಾಳ ಕಣ್ಣಿಗೆ ಊರಲ್ಲೆಲ್ಲೂ ಬಿದ್ದಿರಲಿಲ್ಲ.

ಈ ಸಲ ಹಡಗು ಮೂರು ವಾರ ತಡ. ಅಂಗಡಿ ಖಾಲಿ. ಮರುದಿನ ಸಭಾಮನೆಯಲ್ಲಿ ಅವನಿಂದ ಬೀಗದಕೈ ಕಿತ್ತುಕೊಳ್ಳಬೇಕಿತ್ತು, ಸಾಕ್ಷಿ ಮಾತ್ರ ಇರಲಿಲ್ಲ. ಮಧ್ಯಾಹ್ನ ಅವನು ಮನೆ ಪಕ್ಕದ ಹಳೆಯ ಕೊಬ್ಬರಿ ಕೊಟ್ಟಿಗೆಗೆ ಪೊರಕೆ ಹಿಡಿದು ಹೋದಾಗ ಆಕೆ ಹಿಂದೆಯೇ ನುಗ್ಗಿದಳು. ಕೊಬ್ಬರಿ ಚೀಲಗಳ ಹಿಂದೆ ಅಕ್ಕಿಮೂಟೆಗಳು. ಒಂದೊಂದರ ಮೇಲೂ ಇದ್ದಿಲಿನಲ್ಲಿ ಬಂದ ತಿಂಗಳು ಬರೆದಿತ್ತು, ಹಳೆಯವು ಮುಂದೆ, ಹೊಸವು ಹಿಂದೆ. ಎಣಿಸಿದಳು. ವರ್ಷಕ್ಕೆ ನಾಲ್ಕು ಹಡಗು, ನಲವತ್ತು ಮೂಟೆ. ಒಂದೂ ನೆನೆದಿರಲಿಲ್ಲ.

"ಯಾರಿಗೆ ಮಾರೋಕೆ ಇಟ್ಟಿದೀಯ?"

"ಯಾರಿಗೂ ಇಲ್ಲ, ಟೀಚರಮ್ಮ. ಬಾಬಾಯಿ ಗೆಡ್ಡೆನೂ ಮುಗಿದ ದಿನ ಮನೆಗಿಷ್ಟು ಅಂತ ಹಂಚೋದು."

ಹಾಗಾದರೆ ಉಳಿಕೆ ಎಂದೇ ಪುಸ್ತಕದಲ್ಲಿ ಬರೆಯಬಹುದಿತ್ತಲ್ಲ ಎಂದಳು.

"ಬರೆದ್ರೆ ಸಂಜೆಗೇ ಖಾಲಿ. ನೆಂಟರು ಬಂದು ಬುಬುಸ್ ಅಂದ್ರೆ ಇರೋದನ್ನ ಕೊಡಲ್ಲ ಅನ್ನೋ ಬಾಯಿ ನಮ್ಮಲ್ಲಿ ಯಾರಿಗಿದೆ? ನಿಮಗಿದ್ಯಾ?"

ಬುಬುಸ್ ಎಂದು ನೆಂಟರು ಕೇಳಿದ್ದು ಕೈಯಲ್ಲಿದ್ದರೆ ಇಲ್ಲವೆನ್ನದೆ ಕೊಡಲೇಬೇಕು, ಅದು ದ್ವೀಪದ ಕಟ್ಟಳೆ. ಹಿಂದಿನ ಅಂಗಡಿಯವನ ಕಾಲದಲ್ಲಿ ಇಪ್ಪತ್ತು ಮೂಟೆ ಉಳಿಕೆ ಎರಡೇ ದಿನದಲ್ಲಿ ಕರಗಿತ್ತು. ಅದರಲ್ಲೊಂದನ್ನು ಬುಬುಸ್ ಎಂದು ಕೇಳಿ ತಂದವಳು ಅಕೊಯಾಳೇ. ಆದರೂ ಸಿಕ್ಕಿಬಿದ್ದ ಕಳ್ಳ ಇನ್ನೇನು ಹೇಳುತ್ತಾನೆ? ಇದನ್ನೆಲ್ಲ ನಾಳೆ ಸಭೆಯ ಮುಂದೆ ಹೇಳು ಎಂದಳು. ಹೇಳಿದರೆ ಅಕ್ಕಿ ಉಳಿಯುವುದಿಲ್ಲ ಎಂದ ಬೌರೊ.

ಅಷ್ಟರಲ್ಲಿ ಹೊರಗೆ ಅವನ ಅಕ್ಕ ಬಿರಿಟಾಳ ದನಿ. ಬೌರೊ ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಅಕೊಯಾ ಸಂದಿಗೆ ಕಣ್ಣಿಟ್ಟಳು. ಬಿರಿಟಾಳ ಕೈಯಲ್ಲಿ ಖಾಲಿ ಬಟ್ಟಲು.

"ತಮ್ಮಾ, ಬುಬುಸ್. ಒಂದು ಬಟ್ಟಲು ಅಕ್ಕಿ."

"ಮನೇಲಿ ಒಂದು ಕಾಳೂ ಇಲ್ಲ ಕಣಕ್ಕ."

"ಅಂಗಡಿ ಯಜಮಾನನ ಮನೇಲಿ ಕಾಳಿಲ್ವಾ? ಹೋಗಿ ನಿನ್ನ ಹಂದಿಗಳ್ನ ಕೇಳ್ಲಾ?"

ಬಿರಿಟಾ ಬಟ್ಟಲನ್ನು ಕಂಕುಳಿಗೆ ಸೇರಿಸಿ ಅಂಗಳವನ್ನೆಲ್ಲ ಒಮ್ಮೆ ನೋಡಿದಳು.

"ಹಾಗಾದ್ರೆ ಬುಬುಸ್, ಆ ಬಲೆ ಕೊಡು."

ಬೌರೊನ ಮನೆಯವರು ವಾರದಿಂದ ತಿನ್ನುತ್ತಿದ್ದುದು ಆ ಬಲೆಗೆ ಬಿದ್ದ ಮೀನನ್ನೇ. ಬೇರೆ ಬಲೆ ಇರಲಿಲ್ಲ, ಅದು ಅಕೊಯಾಳಿಗೂ ಗೊತ್ತಿತ್ತು. ಅವನು ಒಮ್ಮೆ ಕೊಟ್ಟಿಗೆಯ ಬಾಗಿಲ ಕಡೆ ನೋಡಿದ. ಆಮೇಲೆ ಬಲೆಯನ್ನು ಗೂಟದಿಂದ ಬಿಡಿಸಿ, ಸಿಕ್ಕಿದ್ದ ಪಾಚಿ ಕಿತ್ತುಹಾಕಿ, ಮಡಚಿ ಅಕ್ಕನ ತೋಳಿನ ಮೇಲಿಟ್ಟ.