ಸೀಮೆ ಹಸುವಿಗೊಂದು ಬಾಗಿಲು

ನನ್ನ ಓರಗಿತ್ತಿಯ ಬಲಭುಜದ ಮೇಲೆ ಸದಾ ಸುಣ್ಣದ ಗುರುತು. ಹಬ್ಬದ ದಿನ ಹೊಸ ಸೀರೆ ಉಟ್ಟರೂ ಮಧ್ಯಾಹ್ನದೊಳಗೆ ಅದು ಬೆಳ್ಳಗೆ ಮೆತ್ತಿಕೊಂಡಿರುತ್ತಿತ್ತು. ನಮ್ಮ ಹಿತ್ತಲಿನಿಂದ ಮುಂದಕ್ಕೆ ಬರುವ ಸಂದು ಅಷ್ಟು ಇಕ್ಕಟ್ಟು. ಸೊಂಟದ ಮೇಲೆ ಸಗಣಿ ಮಂಕರಿ ಇಟ್ಟುಕೊಂಡರೆ ಭುಜ ಗೋಡೆಗೆ ಉಜ್ಜಲೇಬೇಕು.

ಮುಳಬಾಗಿಲಿನ ಹತ್ತಿರದ ಹಳ್ಳಿಯಲ್ಲಿ ನಮ್ಮದು ದೊಡ್ಡ ಮನೆ. ಹಿಂದುಗಡೆ ಆಳೆತ್ತರ ಮೀರಿದ ಗೋಡೆ, ಅದರ ತಲೆಯ ಮೇಲೆ ಗಾಜಿನ ಚೂರು. ಒಳಗೆ ಬಾವಿ, ಒಗೆಯುವ ಕಲ್ಲು, ಹಂಡೆ ಒಲೆಯ ಬಚ್ಚಲು, ಸೌದೆ ಮನೆ, ದನದ ಕೊಟ್ಟಿಗೆ. ಯಾವ ಕಾಲದಲ್ಲೋ ಕಳ್ಳರು ನುಗ್ಗಿದರೆಂದು ಹಿಂಬಾಗಿಲನ್ನು ಕಲ್ಲಿಟ್ಟು ಮುಚ್ಚಿಸಿದ್ದರಂತೆ. ಉಳಿದದ್ದು ಆ ಸಂದೊಂದೇ. ಅದು ಹೋಗಿ ಸೇರುವುದು ಮುಂದಿನ ಜಗಲಿಗೆ. ಜಗಲಿಯ ಮೇಲೆ ದಿನವೆಲ್ಲ ಮಾವ, ಅವರನ್ನು ನೋಡಲು ಬಂದ ಗಂಡಸರು. ಸೊಸೆಯರು ಅವರ ಮುಂದೆ ಹಾದುಹೋಗಬಾರದು. ತವರಿಗೆ ಹೊರಟರೂ ಮೊದಲು ಜಗಲಿ ಖಾಲಿಯಾಗಬೇಕು. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳು ಮಂಕರಿಯನ್ನು ಸಂದಿನ ಬಾಯಲ್ಲಿಟ್ಟು ಹಿಂದಿರುಗುತ್ತಿದ್ದಳು. ಅಲ್ಲಿಂದ ತಿಪ್ಪೆಗೆ ಹೊತ್ತೊಯ್ಯುವುದು ಆಳಿನ ಕೆಲಸ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ಮನೆಗೆ ಬಂದಾಗ ಬಿ.ಎಡ್. ಮುಗಿಸಿದ್ದೆ. ಮುಳಬಾಗಿಲಿನ ಶಾಲೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಮಾವ, "ಪಾಠ ಹೇಳೋದು ಒಳ್ಳೇದೇ ಕಣಮ್ಮ. ಆದ್ರೆ ದಿನಾ ಎಲ್ಲರ ಮುಂದೆ ಜಗಲಿ ದಾಟ್ಕೊಂಡು ಹೋಗೋದು ನಮ್ಮನೇಲಿಲ್ಲ" ಎಂದರು. ಎಂಥಾ ನ್ಯಾಯ! ಕೆಲಸ ಕೈತಪ್ಪಿತು. ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಆ ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನಿಸುತ್ತಿತ್ತು.

"ಅಳಬೇಡ ಕಣೇ, ಕಣ್ಣು ಊದ್ಕೊಂಡ್ರೆ ಅವರಿಗೇನಾಗ್ಬೇಕು? ಸ್ವಲ್ಪ ತಡ್ಕೋ" ಎಂದಳು ಅಕ್ಕ. ಆ ಮನೆಯಲ್ಲೇ ಕೂದಲು ನರೆಸಿಕೊಂಡವಳು ತಡ್ಕೋ ಅಂದರೆ ಸಮಾಧಾನವಾಗುತ್ತದೆಯೇ? ಇನ್ನೂ ಸಿಟ್ಟು ಬಂತು.

ಯುಗಾದಿಗೆ ತವರಿಗೆ ಹೋದ ಅಕ್ಕ ಒಂದು ಸೀಮೆ ಹಸುವಿನ ಕರು ತಂದಳು. ಅಲ್ಲಿಯವರೆಗೆ ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಸಂದಿನಲ್ಲಿ ಸರಾಗವಾಗಿ ಹೋಗಿಬರುವ ಸಣ್ಣ ನಾಟಿ ಹಸುಗಳು. ಇದನ್ನು ಮಾತ್ರ ಅಕ್ಕ ಮೇಯಲು ಬಿಡಲಿಲ್ಲ. ಹಿತ್ತಲಲ್ಲೇ ಕಟ್ಟಿ, ಬೂಸಾ ಹಿಂಡಿ ಸುರಿದಳು. ಅವಳ ತವರು ಆಂಧ್ರದ ಗಡಿಯಾಚೆ. ನಮ್ಮೊಡನೆ ಕನ್ನಡ, ಕರುವಿನೊಡನೆ ತೆಲುಗು. "ತಿನು ತಲ್ಲೀ, ತಿನು", ತಿನ್ನು ತಾಯೀ, ಎನ್ನುತ್ತಾ ಮೈ ಸವರುತ್ತಿದ್ದಳು. ಅದು ಬೆಳೆದು ಕಡಸಾಯಿತು, ಗಬ್ಬವಾಯಿತು.

ತುಂಬುಗಬ್ಬದಲ್ಲಿ ಅದರ ಕಾಲು ಹಿಡಿದುಕೊಂಡಿತು. "ದಿನಾ ಬಿಸಿಲಲ್ಲಿ ಓಡಾಡಿಸ್ಬೇಕು, ಇಲ್ಲಾಂದ್ರೆ ಉಳಿಯಲ್ಲ" ಎಂದರು ದನದ ಡಾಕ್ಟರು. ಹೊರಗೆ ಹೊಡೆದುಕೊಂಡು ಹೋದರೆ ಸಂದಿನ ನಡುವೆ ಹೊಟ್ಟೆ ಸಿಕ್ಕಿಹಾಕಿಕೊಂಡು ಹಸು ಅರಚತೊಡಗಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆವೆತು, ನೂಕಿ, ಅಂತೂ ಹಿಂದಕ್ಕೆಳೆದದ್ದಾಯಿತು.

ಜಗಲಿ ಬಿಟ್ಟು ಹಿತ್ತಲಿಗೆ ಬಾರದ ಮಾವ ಓಡಿಬಂದಿದ್ದರು. ಗಬ್ಬದ ಹಸು ಸತ್ತರೆ ಮನೆಗೆ ಪಾಪ ಸುತ್ತಿಕೊಳ್ಳುತ್ತದೆಂದು ಅವರಿಗೆ ಭಯ. "ಒಡೀರೋ ಆ ಗೋಡೇನ! ಮೂಕಪ್ರಾಣಿ, ಅದಕ್ಕೂ ಒಂದು ಗಾಳಿ ಬೆಳಕು ಬೇಡ್ವೇನ್ರೋ!"

ಬಾವಿಯ ಬಳಿ ನಿಂತಿದ್ದ ನಾವಿಬ್ಬರೂ ಆ ಮಾತನ್ನು ಕೇಳಿಸಿಕೊಂಡೆವು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ.

ಹಿಂಬಾಗಿಲಿದ್ದ ಹಳೆಯ ಜಾಗದಲ್ಲೇ ಬಾಗಿಲು ಬಂತು. ಜಗಲಿಗೆ ಪದ್ಧತಿಯಿತ್ತು, ಹಿಂಬಾಗಿಲಿಗೆ ಯಾವ ಪದ್ಧತಿಯೂ ಇರಲಿಲ್ಲ. ಜೂನ್‌ನಲ್ಲಿ ಶಾಲೆಯಲ್ಲಿ ಮತ್ತೆ ಕೆಲಸ ಸಿಕ್ಕಿ, ನಾನು ಅದೇ ಬಾಗಿಲಿನಿಂದ ಬಸ್ಸಿಗೆ ಹೋದೆ.

"ಅಕ್ಕಾ, ಕರು ಇಷ್ಟು ದಪ್ಪಗಾಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಒಮ್ಮೆ ಕೇಳಿದೆ.

"ಕರು ಬೆಳೆಯುತ್ತೆ ಅಂತ ಗೊತ್ತಿಲ್ದೆ ಇರೋಕೆ ನಾನೇನು ಗಂಡ್ಸಾ?"

ಅವಳು ಮಾತ್ರ ಹಸುವಿನ ಹಿಂದೆ ತಿಪ್ಪೆಯವರೆಗೆ ಹೋಗುತ್ತಿದ್ದಳು, ಅಷ್ಟೇ. ಕುರುಡುಮಲೆ ಗಣಪನ ಗುಡಿಗಾದರೂ ಹೋಗಿಬರೋಣ ಬಾ ಎಂದರೆ, "ನೀನು ಹೋಗಿ ಬಂದು ಹೇಳು, ಕೇಳ್ತೀನಿ" ಎನ್ನುವಳು. ಬಾಗಿಲಿಗೆ ಚಿಲಕವಿದ್ದದ್ದು ಒಳಗಿನಿಂದ ಮಾತ್ರ. ಸಂಜೆ ನಾನು ಬರುವ ಹೊತ್ತಿಗೆ ಅವಳು ಅದನ್ನು ತೆಗೆದಿಟ್ಟಿರುತ್ತಿದ್ದಳು.

ಕೆಲವು ವರ್ಷಗಳ ನಂತರ ಒಂದು ಸಂಜೆ ಚಿಲಕ ಹಾಕಿತ್ತು. ತಟ್ಟಿದೆ, ಕೂಗಿದೆ. ಒಳಗೆ ಹಸು ಒಂದೇ ಸಮನೆ ಕೂಗುತ್ತಿತ್ತು. ಸುತ್ತುಹಾಕಿ ಮುಂದಕ್ಕೆ ಓಡಿದೆ. ಜಗಲಿಯ ತುಂಬ ಗಂಡಸರು. ಮಧ್ಯಾಹ್ನ ಎದೆನೋವು ಎಂದ ಅಕ್ಕ ಡಾಕ್ಟರು ಬರುವುದರೊಳಗೆ ಹೋಗಿಬಿಟ್ಟಿದ್ದಳು.

ಚಪ್ಪಲಿ ಕಳಚಿ ನೇರವಾಗಿ ಜಗಲಿ ಹತ್ತಿದೆ. ಮಾವ ಕಾಲು ಮಡಚಿಕೊಂಡು ದಾರಿ ಬಿಟ್ಟರು. ನಾಲ್ಕು ಹೆಜ್ಜೆಯೂ ಇರಲಿಲ್ಲ, ಒಳಗಿದ್ದೆ. ಅಕ್ಕಾ, ಇಷ್ಟೇ ಕಣೇ ಇದು, ಇಷ್ಟೇ ಇದ್ದದ್ದು ಎಂದು ಅವಳನ್ನು ಅಲುಗಾಡಿಸಿ ಹೇಳಬೇಕೆನಿಸಿತು. ನಡುಮನೆಯಲ್ಲಿ ಅವಳನ್ನು ಮಲಗಿಸಿ ದೀಪ ಹಚ್ಚಿದ್ದರು.