ಅತ್ತೆ ಗಂಟ್ಲು ಕಟ್ಟಿದ್ ದಿನ ಫೋನ್ ಬೋರ್ಡಿಗೆ ನಾನು

ನೀವ್ ನಂಬಲ್ಲ, ಬುಡಿ. ನಂಬ್ದಿದ್ರೂ ಹೇಳೇ ಹೇಳ್ತೀನಿ. ಮದ್ದೂರಲ್ಲಿ ಒಂದ್ ರೈಸ್ ಮಿಲ್ಲು ಇಡೀ ಒಂದ್ ದಿನ ನನ್ ಬಾಯಿಂದಾನೇ ನಡೀತು. ಆಗ ನಾನು ಎಸ್ಸೆಸ್ಸೆಲ್ಸಿ ಬರ್ದು ಮನೇಲಿ ಕೂತಿದ್ದೆ.

ಆ ಮಿಲ್ ಆಫೀಸಲ್ಲಿ ಫೋನ್ ಬೋರ್ಡ್ ನೋಡ್ಕತಿದ್ದಿದ್ದು ನಮ್ಮತ್ತೆ, ಅಪ್ಪನ ತಂಗಿ. ಬೋರ್ಡು ಅಂದ್ರೆ ಅಜ್ಜನ ಟ್ರಂಕಿನಷ್ಟು ಗಾತ್ರ. ಎಂಟು ಗುಂಡಿ, ಅದ್ರಲ್ಲಿ ಮೂರಕ್ಕೆ ರಬ್ಬರ್ ಬ್ಯಾಂಡು. ಸದ್ದು ನಿಂತ್ರೆ ಎಡಗಡೆ ಒಂದೇಟು ಕೊಡ್ಬೇಕು. ಬಲಗಡೆ ಕೊಟ್ರೆ ಮುನಿಸ್ಕತದೆ, ಮಧ್ಯಾಹ್ನದ ತನಕ ಉಸ್ರೆತ್ತಲ್ಲ. ಇನ್ನು ಭತ್ತ ತರೋ ರೈತ್ರು ಫೋನ್ ಮಾಡಿದ್ರೆ ಹೆಸ್ರೇ ಹೇಳಲ್ಲ. "ನಾನು ಕಣವ್ವ" ಅಂತಾರೆ, ಅಷ್ಟೇ. ದನೀಲೇ ಗುರ್ತು ಹಿಡೀಬೇಕು. ಯಾರು ಅಂತ ಕೇಳಿದ್ರೋ, ಅವಮಾನ ಆಯ್ತು ಅಂತ ಭತ್ತ ಬೇರೆ ಮಿಲ್ಲಿಗೆ ಹೊಡೀತಾರೆ.

ಹೊಸ ಮ್ಯಾನೇಜರ್ ಬಂದ್ರು. ಒಂದ್ ಒತ್ತಿ, ಎರಡ್ ಒತ್ತಿ ಅಂತ ತಾನೇ ಮಾತಾಡೋ ಮಿಷಿನ್ ತಂದ್ರು. ಒಂದಿನ ಎರಡೂ ಓಡ್ಲಿ, ಹಳೇದು ಸೋತ್ರೆ ಅದು ಗುಜರಿಗೆ, ಅತ್ತೆ ಗೋಡೌನಲ್ಲಿ ಚೀಲ ಹೊಲಿಯಕ್ಕೆ ಅಂದ್ಬುಟ್ರು. ಸರ್ಯಾಗಿ ಅವತ್ತೇ ಅತ್ತೆ ಗಂಟ್ಲು ಕಟ್ಕಂತು. ಇಲಿಮರಿಯಷ್ಟೂ ದನಿ ಇಲ್ಲ. ಕಣ್ಣಲ್ಲಿ ನೀರು. ನಾನೇ ಓಗಿ ಕುರ್ಚಿ ಎಳ್ಕಂಡು ಕೂತೆ.

ಬೋರ್ಡಿಗೆ ಇನ್ನೊಂದ್ ರಿಸೀವರ್ ಇತ್ತು. ಅದ್ನ ಅತ್ತೆ ಕಿವಿಗಿಟ್ಕಂತು. ಅತ್ತೆ ಕೇಳೋದು, ಕೈಸನ್ನೆ ಮಾಡೋದು, ನಾನು ಮಾತಾಡೋದು.

ಮೊದಲ್ನೇ ಫೋನು. "ನಾನು ಕಣವ್ವ."

ಅತ್ತೆ ಕೈಯಲ್ಲಿ ರೈಲು ಓಡುಸ್ತು, ತಲೆ ಮೇಲೆ ಕೊಂಬು ಇಟ್ಕಂತು, ಹೊಟ್ಟೆ ದಪ್ಪ ಮಾಡ್ತು. ರೈಲ್ ನಿಲ್ಲೋ ಊರು, ಗಬ್ಬದ ಎಮ್ಮೆ. ನಂಗ್ ಹೊಳ್ದೋಯ್ತು.

"ಏನ್ ಯಲಿಯೂರಣ್ಣ, ಎಮ್ಮೆ ಈದ್ತಾ?"

ಆ ಕಡೆ ಮನುಷ್ಯ ಕರಗೋದ. "ಈದ್ತು ಕಣವ್ವ, ಹೆಣ್ಗರು. ನಿನ್ ದನಿ ಯಾಕವ್ವ ಸಣ್ಣಕಾಗದೆ?"

ನೆಗಡಿ ಅಂದೆ. ಎರಡು ಟ್ರಾಕ್ಟರ್ ಭತ್ತ ನಮ್ ಬಾಗ್ಲಿಗೇ ಬಂತು.

ಪಕ್ಕದ್ ಟೇಬಲ್ಲಲ್ಲಿ ಮ್ಯಾನೇಜರ್ ತಮ್ ಮಿಷಿನ್ ಸ್ಪೀಕರಿಗೆ ಹಾಕ್ಕಂಡು ಕೂತಿದ್ರು. ಮಳವಳ್ಳಿ ಕಡೆ ಅಜ್ಜಿ ಒಬ್ರು ಅದ್ರ ಜೊತೆ ಕಾಲ್ ಗಂಟೆ ಮಾತಾಡ್ತು. ಊಟ ಆಯ್ತಾ ಅಂತು, ಮದ್ವೆ ಆಗದಾ ಅಂತು. ಅದು ಒಂದ್ ಒತ್ತಿ, ಒಂದ್ ಒತ್ತಿ ಅಂತಾನೇ ಇತ್ತು. "ಕೊಬ್ಬು ಕಣೇ ನಿಂಗೆ," ಅಂದು ಇಟ್ಬುಟ್ಟು ಅಜ್ಜಿ ನಮ್ ನಂಬರಿಗೇ ಮಾಡ್ತು. ಅತ್ತೆ ಸನ್ನೆ ಮಾಡೋಕ್ ಮುಂಚೇನೇ ನಾನು, ಬಾರಜ್ಜಿ, ನಿನ್ ಭತ್ತಕ್ಕೆ ಜಾಗ ಮಡಗಿದ್ದೀನಿ ಅಂದೆ.

ಸಂಜೆಗೆ ಮ್ಯಾನೇಜರ್ರೇ ಮಿಷಿನ್ನ ಡಬ್ಬಕ್ಕೆ ಹಾಕಿ ಟೇಪ್ ಸುತ್ತುದ್ರು. "ನೀವ್ ಇಲ್ಲೇ ಇರಿ ಅಮ್ಮ. ಚೀಲ ಬೇರೆಯೋರು ಹೊಲೀತಾರೆ," ಅಂದ್ರು ಅತ್ತೆಗೆ. ಅತ್ತೆ ನನ್ ಕೆನ್ನೆ ಹಿಂಡಿ ಬಿಸ್ನೀರ್ ಕುಡಿಯಕ್ಕೆ ಓಯ್ತು. ನಾನು ಟೇಬಲ್ ಮೇಲೆ ಕಾಲ್ ಹಾಕ್ಕಂಡು, ದನಿ ಗುರ್ತು ಹಿಡಿಯೋದು ಕಲಿಯೋ ವಿದ್ಯೆ ಅಲ್ಲ ಸಾರ್, ಹುಟ್ಟುತ್ಲೇ ಬರ್ಬೇಕು ಅಂತ ಮ್ಯಾನೇಜರ್ಗೆ ಪಾಠ ಸುರು ಮಾಡಿದ್ದೆ. ಫೋನ್ ಹೊಡ್ಕಂತು.

"ನಾನು ಕಣೇ," ಅಂತು ಯಾವ್ದೋ ಎಂಗ್ಸು.

ಸನ್ನೆ ಮಾಡಕ್ಕೆ ಅತ್ತೆ ಇಲ್ಲ. ಮ್ಯಾನೇಜರ್ ನನ್ನೇ ನೋಡ್ತಾವ್ರೆ.

"ಹೇಳಮ್ಮ, ಯಾವೂರು? ಭತ್ತನೋ, ತೌಡೋ?"

ಫೋನ್ ಕಟ್ಟಾಯ್ತು.

ಅರ್ಧ ಗಂಟೇಲಿ ಬಾಗ್ಲಲ್ಲಿ ನಮ್ಮವ್ವ. ನನ್ ಕಡೆ ತಿರುಗೂ ನೋಡ್ನಿಲ್ಲ. ಮ್ಯಾನೇಜರ್ಗೆ ಕೈ ಮುಗೀತು.

"ತೌಡು ಬ್ಯಾಡ ಸ್ವಾಮಿ. ಹೆತ್ತವ್ವನ ದನೀನೇ ಗೊತ್ತಾಗ್ದಿರೋ ನಿಮ್ ಆಪರೇಟ್ರುನ್ನ ಕರ್ಕಂಡ್ ಓಗಕ್ ಬಂದೆ."

ನಾನು ಟೇಬಲ್ ಮೇಲಿಂದ ಕಾಲ್ ಇಳುಸ್ದೆ.