ಖಾಲಿ ಕುರ್ಚಿಯ ಸದ್ದು

ಹಿತ್ತಾಳೆ ಬಟ್ಟಲಿಗೆ ಹುಣಸೆ ಬೀಜ ಬಿದ್ದರೆ ‘ಟಣ್’ ಎನ್ನುತ್ತದೆ. ಇದೂ ಒಂದು ಹೇಳುವ ಮಾತೇ ಎಂದು ನೀವು ನಗಬಹುದು. ನಗಿರಿ. ಈಗ ತಾನೇ ನಮ್ಮ ಪಡಸಾಲೆಯಲ್ಲಿ ಒಂದು ಬಿತ್ತು. ನನ್ನ ಕಣ್ಣು ಸಂತೋಷಕ್ಕೆ ತುಂಬಿವೆ, ತೋಳಿನ ಕೂದಲು ನೆಟ್ಟಗೆ ನಿಂತಿವೆ. ಎರಡೂ ಒಟ್ಟಿಗೆ ಯಾಕೆ ಎಂದು ನಿಮಗೆ ಹೇಳದೆ ನನಗೆ ಇವತ್ತು ಊಟ ಸೇರುವುದಿಲ್ಲ.

ನನ್ನ ಮೊಮ್ಮಗಳು ಸೃಷ್ಟಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕಿವಿಯ ಹಿಂದೆ ಒಂದು ಮಷಿನ್ ಕೂಡಿಸಿದರು. ಮಾತು ಕಲಿಸುವ ಟೀಚರು ಒಂದು ಆಟ ಹೇಳಿಕೊಟ್ಟರು. ಸದ್ದು ಕೇಳಿದ ಕೂಡಲೇ ಮಗು ಬಟ್ಟಲಿಗೆ ಬೀಜ ಹಾಕಬೇಕು; ಕೇಳದಿದ್ದರೆ ಮುಷ್ಟಿಯಲ್ಲೇ ಹಿಡಿದಿರಬೇಕು. “ಒಂದೊಂದ ವಾದ್ಯದ ಸದ್ದು ಬ್ಯಾರೆ ಬ್ಯಾರೆ ಕೇಳಸ್ರಿ ಅಜ್ಜಾರ,” ಅಂದರು.

ನಮ್ಮೂರು ತಿಳವಳ್ಳಿಯಲ್ಲಿ ಒಂದೊಂದೇ ವಾದ್ಯ ಎಲ್ಲಿಂದ ತರುವುದು? ನಮ್ಮ ಭಜನಾ ಮೇಳದಲ್ಲಿ ಎಲ್ಲರೂ ಒಟ್ಟಿಗೇ ಬಡಿಯುವವರು. ಕೊನೆಗೆ ಸೊಸೆ ಸುಮಾ ಮೊಬೈಲಿನಲ್ಲಿ ಹುಡುಕಿ, ಸಮುದ್ರದಾಚೆಯ ಆರ್ಕೆಸ್ಟ್ರಾಗಳ ವೆಬ್‌ಸೈಟುಗಳನ್ನು ತೆಗೆದಳು. ನಾನು ಮೂರನೇ ಇಯತ್ತೆ ಕಲಿತವನು. ಆರ್ಕೆಸ್ಟ್ರಾ ಅಂದರೆ ಶಿಗ್ಗಾವಿಯ ಮದುವೆಯಲ್ಲಿ ಸಿನಿಮಾ ಹಾಡು ಹೇಳುವವರು ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕರಿ ಕೋಟಿನ ಜನ ಸಾಲುಸಾಲಾಗಿ ಕೂತಿದ್ದಾರೆ. ಒಬ್ಬರ ಮುಖದಲ್ಲೂ ನಗೆಯಿಲ್ಲ, ತಿಥಿಯ ಪಂಕ್ತಿಗೆ ಕೂತವರ ಹಾಗೆ.

ಸಂಗೀತ ಕಟ್ಟಿದವರಿಗೆ ಬೇರೆಯೇ ವೆಬ್‌ಸೈಟು. ಸತ್ತು ಎಷ್ಟೋ ತಲೆಮಾರು ಆದವರು, ಬಿಳಿ ಕೂದಲಿನ ಟೋಪನ್ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ಮೊಬೈಲನ್ನು ಅತ್ತ ತಿರುಗಿಸಿದರೂ ಅವರ ಕಣ್ಣು ಇತ್ತಲೇ.

“ಇವರದು ಮುಂದಿನ ತಿಂಗಳ ಕಾರ್ಯಕ್ರಮ ಐತಂತ ಹಾಕ್ಯಾರ್ರಿ ಮಾವಾರ,” ಅಂದಳು ಸೊಸೆ.

“ಸತ್ತವರದಾ?”

“ನೀವು ಬದುಕಿದ್ದೂ ನಿಮ್ಮದೇನ್ ಕಾರ್ಯಕ್ರಮ ಐತಿ? ಸುಮ್ಕ ಕುಂದರ್ರಿ,” ಎಂದಳು ನನ್ನ ಹೆಂಡತಿ ಒಳಗಿನಿಂದ.

ಒಂದು ವೆಬ್‌ಸೈಟಿನಲ್ಲಿ ಇಡೀ ಮೇಳದ ಚಿತ್ರವಿತ್ತು. ಯಾರನ್ನು ಮುಟ್ಟಿದರೆ ಅವರ ವಾದ್ಯವಷ್ಟೇ ನುಡಿಯುತ್ತಿತ್ತು. ಪಿಟೀಲಿನವಳನ್ನು ಮುಟ್ಟಿದೆ. ಟಣ್. ಕೊಳಲಿನವನನ್ನು ಮುಟ್ಟಿದೆ. ಟಣ್. ದೊಡ್ಡ ನಗಾರಿಗೂ ಟಣ್! ನಾನು ಎದ್ದು ಕುಣಿಯುವುದೊಂದು ಬಾಕಿ. “ಕೇಳತೈತಿ! ನನ್ನ ಕೂಸಿಗೆ ಕೇಳತೈತಿ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

ಸೊಸೆ ನಗಲಿಲ್ಲ. “ಮಾವಾರ, ಆಕಿ ನಿಮ್ಮ ಬೆರಳು ನೋಡಿ ಹಾಕಾಕತ್ತಾಳೇನೋ. ನೀವು ಹಿಗ್ಗೂದು ನೋಡಾಕ ಆಕಿಗೆ ಭಾಳ ಖುಷಿ.”

ಚಿತ್ರದ ಅಂಚಿನಲ್ಲಿ ಒಂದು ಖಾಲಿ ಕುರ್ಚಿಯಿತ್ತು, ಅದರ ಮೇಲೊಂದು ಬಿಳಿ ಹೂ. ಮನುಷ್ಯನೇ ಇಲ್ಲ ಅಂದಮೇಲೆ ಸದ್ದೆಲ್ಲಿಯದು? ಅದನ್ನು ಮುಟ್ಟಿದಾಗ ಬೀಜ ಮುಷ್ಟಿಯಲ್ಲೇ ಉಳಿದರೆ ಕೇಳುವುದು ನಿಜ. ಬಿದ್ದರೆ ಎಲ್ಲ ಕಣ್ಣಿನ ಆಟ. ಮುಟ್ಟಿದೆ. ಏನೂ ಕೇಳಲಿಲ್ಲ.

ಟಣ್.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಯತ್ತ ತಿರುಗಿದಳು. ಕೂಸು ಮಾತ್ರ, ಅಜ್ಜ ಯಾವಾಗ ಹಿಗ್ಗುತ್ತಾನೆ ಎಂದು ನನ್ನ ಮುಖವನ್ನೇ ನೋಡುತ್ತಿತ್ತು.

ನಾನು ಹಟಮಾರಿ. ಅವಳನ್ನು ಗೋಡೆಗೆ ಮುಖ ಮಾಡಿ ಕೂಡಿಸಿ, ಬೆನ್ನ ಹಿಂದೆ ಮೊಬೈಲ್ ಹಿಡಿದೆ. ಪಿಟೀಲಿಗೆ ಬೀಜ ಬಿತ್ತು. ಚಿತ್ರದೊಳಗಿನ ಬರಿಯ ನೆಲವನ್ನು ಮುಟ್ಟಿದೆ, ಮುಷ್ಟಿ ಬಿಚ್ಚಲಿಲ್ಲ. ಖಾಲಿ ಕುರ್ಚಿಯನ್ನು ಮುಟ್ಟಿದೆ.

ಟಣ್.

ಮಟಮಟ ಮಧ್ಯಾಹ್ನ. ಬೆರಳು ಕಾಣುತ್ತಿಲ್ಲ, ಸದ್ದು ಬರುತ್ತಿಲ್ಲ, ಬೀಜ ಬೀಳುತ್ತಿದೆ!

ಆಗ ನೆನಪಾದದ್ದು ನಮ್ಮ ದೊಡ್ಡಪ್ಪ. ಮೇಳದಲ್ಲಿ ಅವನದು ದಮ್ಮಡಿ, ಅಂಚಿಗೆ ಪುಟ್ಟ ತಾಳಗಳನ್ನು ಕೂಡಿಸಿದ ಚರ್ಮವಾದ್ಯ. ನಮ್ಮಲ್ಲೊಂದು ಪದ್ಧತಿಯಿದೆ. ಮೇಳದವರು ಯಾರಾದರೂ ತೀರಿಕೊಂಡರೆ ವರ್ಷ ತುಂಬುವ ತನಕ ಅವರ ಜಾಗದಲ್ಲಿ ಯಾರೂ ಕೂಡುವುದಿಲ್ಲ. ವಾದ್ಯವನ್ನು ಪಕ್ಕದ ಕಂಬಕ್ಕೆ ತೂಗುಹಾಕುತ್ತಾರೆ. ದೊಡ್ಡಪ್ಪ ಹೋದ ಮೇಲೆ, ಭಜನೆ ಏರಿದಾಗಲೆಲ್ಲ ಕಂಬದ ಮೇಲಿನ ದಮ್ಮಡಿ ತಾನಾಗಿಯೇ ಝಿಲ್ ಎನ್ನುತ್ತಿತ್ತು. ಹಾರ್ಮೋನಿಯಂ ಪೇಟಿ ಬಾರಿಸುವ ಮುದುಕ ತಲೆ ಎತ್ತದೆ, “ಬಂದ್ಯಾ? ಕುಂದರು,” ಎಂದು ಹಾಡು ಮುಂದುವರಿಸುತ್ತಿದ್ದ. ಒಂದು ವಾದ್ಯದ ಸದ್ದಿಗೆ ಇನ್ನೊಂದು ವಾದ್ಯ ನಡುಗುತ್ತದೆ, ಅಷ್ಟೇ, ಎಂದರು ಶಾಲೆಯ ಮಾಸ್ತರರು. ಇರಬಹುದು. ನಾನು ಮಾತ್ರ ಆ ಕಂಬಕ್ಕೆ ಬೆನ್ನು ಹಾಕಿ ಎಂದೂ ಕೂತವನಲ್ಲ.

ಸೊಸೆ ಬಂದು ಮೊಬೈಲ್ ಕಸಿದುಕೊಂಡು, ಅದೇ ಕುರ್ಚಿಯನ್ನು ಮುಟ್ಟಿ, ಕಿವಿಗೇ ಒತ್ತಿ ಹಿಡಿದಳು. ಅವಳ ಮುಖ ಬಿಳಿಚಿತು.

“ಯಾರೋ ಉಸರಾಡಾಕತ್ತಾರ್ರಿ ಮಾವಾರ.”

ಕುರ್ಚಿಯ ಕೆಳಗಿನ ಬರಹವನ್ನು ಮೊಬೈಲೇ ಕನ್ನಡ ಮಾಡಿಕೊಟ್ಟಿತು. ಅಲ್ಲಿ ಕೂತು ಬಾರಿಸುತ್ತಿದ್ದವನು ತೀರಿಹೋಗಿದ್ದ. ಕೊನೆಯ ಸಲ ಅವನ ಪಿಟೀಲಿನ ಕಮಾನು ತಂತಿಗೆ ತಾಗುವ ಮುನ್ನ ಎಳೆದುಕೊಂಡ ಉಸಿರನ್ನಷ್ಟೇ ಅಲ್ಲಿ ಉಳಿಸಿಕೊಂಡಿದ್ದರು. ಯಾವ ಊರಿನ ಯಾವ ಪುಣ್ಯಾತ್ಮನೋ, ಅವನ ಉಸಿರು ನಮ್ಮ ಪಡಸಾಲೆಗೆ ಬಂದಿತ್ತು. ನಾವು ಕಿವಿಯಿದ್ದವರು ಕೇಳದ್ದನ್ನು ನಮ್ಮ ಕೂಸು ಕೇಳಿತ್ತು. ನಾನು ಅತ್ತೆನೋ ನಕ್ಕೆನೋ ತಿಳಿಯದು. ಹೆಂಡತಿ ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು.

“ಯಾರಿಗೆ ಮುಗ್ಯಾಕತ್ತಿ?”

“ನಿಮಗಂತೂ ಅಲ್ಲ, ತಗೀರಿ. ಬ್ಯಾಳಿ ನೆನಿಹಾಕತೇನಿ, ಹೋಳಿಗಿ ಮಾಡೂನು.”

ಅದಾಗಿ ತಿಂಗಳುಗಳಾದವು. ಇವತ್ತು ಮೊಬೈಲು ಸೊಸೆಯ ಜೊತೆ ಹಾನಗಲ್ಲಿಗೆ ಹೋಗಿದೆ. ಹೆಂಡತಿ ಹಿತ್ತಲಲ್ಲಿದ್ದಾಳೆ. ಪಡಸಾಲೆಯಲ್ಲಿ ನಾನು, ಬಟ್ಟಲಿಟ್ಟುಕೊಂಡು ಕೂತ ಸೃಷ್ಟಿ, ವರ್ಷ ತುಂಬಿದ ಮೇಲೆ ಕಂಬದಿಂದ ಇಳಿಸಿ ತಂದು ಗೋಡೆಯ ಮೊಳೆಗೆ ತೂಗುಹಾಕಿದ ದೊಡ್ಡಪ್ಪನ ಹಳೆಯ ದಮ್ಮಡಿ. ಗಾಳಿಯಿಲ್ಲ. ಇದ್ದಕ್ಕಿದ್ದಂತೆ ಕೂಸು ತಲೆ ಓರೆ ಮಾಡಿತು.

ಟಣ್.

“ಏನ್ ಕೇಳಿಸ್ತವ್ವಾ?” ಎಂದೆ.

ಪುಟ್ಟ ಬೆರಳು ಗೋಡೆಯತ್ತ ಹೋಯಿತು. ನೋಡಿದೆ. ದಮ್ಮಡಿಯ ಒಂದು ತಾಳವೂ ಅಲುಗುತ್ತಿರಲಿಲ್ಲ.

ನಾನು ಕೂತಿದ್ದ ಚಾಪೆಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದೆ.

“ಬಂದ್ಯಾ ದೊಡ್ಡಪ್ಪಾ? ಕುಂದರು. ನಮ್ಮ ಕೂಸಿಗೆ ಕೇಳತೈತಿ.”